ಬಾರದ ಗಾಡಿಗಳ ಪಟ್ಟಿ

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷವಿದೆ. ನಾಲ್ಕು ಪಥದ ಹೆದ್ದಾರಿಯ ನಡುಗೋಡೆ ಈ ಜಾಗದಲ್ಲಿ ಎರಡು ಲಾರಿಯ ಉದ್ದದಷ್ಟು ಬಾಯಿ ಬಿಟ್ಟಿದೆ. ಒಂದು ಕಡೆ ಏರುದಾರಿ ಹಿಡಿದರೆ ಮೇಲಿನ ಊರು, ಇನ್ನೊಂದು ಕಡೆ ಇಳಿದರೆ ಕೆಳಗಿನ ಊರು. ಎರಡರ ನಡುವೆ ಇರುವುದು ಇದೊಂದೇ ಸಂದು. ಅದರ ಪಕ್ಕದ ಸಿಮೆಂಟ್ ದಿಮ್ಮಿಯ ಮೇಲೆ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿಕೊಂಡು, ಕಿತ್ತಳೆ ಬಣ್ಣದ ಮೇಲಂಗಿ ತೊಟ್ಟ ಐವತ್ತೆರಡರ ಹೆಂಗಸೊಬ್ಬರು ಕೂರುತ್ತಾರೆ. ಮಡಿಲಲ್ಲಿ ತರಕಾರಿ ಹೆಚ್ಚುವ ಹಳೆಯ ಹಲಗೆ. ಅದಕ್ಕೆ ತಿರುಪು ಹಾಕಿ ಕೂರಿಸಿದ ಹತ್ತು ಎಣಿಕೆ ಗುಂಡಿಗಳು, ಎಡಗೈಗೆ ಐದು, ಬಲಗೈಗೆ ಐದು. ಹನ್ನೊಂದನೆಯದು ಬಲಗಾಲಿನ ಹೆಬ್ಬೆರಳ ಕೆಳಗಿದೆ.

ಗಡಿಯಾರದಲ್ಲಿ ಐದಾಗುತ್ತಿದ್ದಂತೆ ಅವರ ತುಟಿ ಮುಚ್ಚಿಕೊಳ್ಳುತ್ತದೆ. ಇನ್ನು ಏಳರವರೆಗೆ ಮಾತಿಲ್ಲ. ಮೊದಲಿಗೆ ಎರಡು ಸ್ಕೂಟರು, ಆಮೇಲೆ ಒಂದು ಲಾರಿ, ಸ್ವಲ್ಪ ಹೊತ್ತು ಏನೂ ಇಲ್ಲ, ಐದೂ ನಲವತ್ತಕ್ಕೆ ಬ್ರೆಡ್ ವ್ಯಾನು. ಅವರ ಕಣ್ಣು ಗಾಡಿಯ ಮೇಲಿರುತ್ತದೆ, ಗುಂಡಿಯ ಮೇಲೆ ಒಮ್ಮೆಯೂ ಬೀಳುವುದಿಲ್ಲ. ಹೆಬ್ಬೆರಳಿಗೆ ಲಾರಿ, ತೋರುಬೆರಳಿಗೆ ಸ್ಕೂಟರು ಮತ್ತು ಬೈಕು, ನಡುಬೆರಳಿಗೆ ಕಾರು, ಉಂಗುರ ಬೆರಳಿಗೆ ಬಸ್ಸು ಮತ್ತು ವ್ಯಾನು, ಕಿರುಬೆರಳಿಗೆ ಟ್ರ್ಯಾಕ್ಟರು. ಮೇಲಿನ ಊರಿನ ಗಾಡಿಗಳಿಗೆ ಹಸಿರು ಬಣ್ಣದ ತೆರಿಗೆ ಚೀಟಿ ಅಂಟಿಸಿರುತ್ತಾರೆ, ಅವು ಎಡಗೈಗೆ. ಕೆಳಗಿನ ಊರಿನದು ಹಳದಿ ಚೀಟಿ, ಬಲಗೈಗೆ. ಎರಡೂ ಊರಿಗೆ ಸೇರದ ಹೊರಗಿನವು ಕಾಲಿಗೆ. ಹದಿನೈದು ನಿಮಿಷಕ್ಕೊಮ್ಮೆ ಹನ್ನೊಂದೂ ಅಂಕಿಗಳನ್ನು ಹಾಳೆಗೆ ಬರೆದುಕೊಳ್ಳುತ್ತಾರೆ. ಬರೆಯುವಾಗಲೂ ಎಡಗೈ ಹಲಗೆ ಬಿಡುವುದಿಲ್ಲ.

ಹೆದ್ದಾರಿ ಇಲಾಖೆಯ ದಿನಗೂಲಿ ಪಟ್ಟಿಯಲ್ಲಿ ಅವರ ಹುದ್ದೆ ‘ಗಣತಿದಾರರು’. ಎರಡೂ ಊರಿನವರಿಗೆ ಮಾತ್ರ ಅವರು ಲೆಕ್ಕದಕ್ಕ.

ಏಳಕ್ಕೆ ಹತ್ತು ನಿಮಿಷದ ಬಿಡುವು. ಹಲಗೆ ವಹಿಸಿಕೊಳ್ಳಲು ನಿವೃತ್ತ ಮೋಜಣಿದಾರರೊಬ್ಬರು ಬರುತ್ತಾರೆ. ಕಿವಿಯ ಸಂದಿಯಲ್ಲಿ ಸದಾ ಪೆನ್ಸಿಲ್ ಇರುವುದರಿಂದ ಎಲ್ಲರಿಗೂ ಅವರು ಪೆನ್ಸಿಲ್ ಮಾಮ.

“ಏಳು ತಾಯಿ, ಏಳು. ಹಿಂಗೇ ಕೂತಿದ್ರೆ ಸೇತುವೆ ಕಂಬ ಅಂದ್ಕೊಂಡು ನಿಂಗೇ ಬಣ್ಣ ಬಳಿದು ಹೋಗ್ತಾರೆ.”

“ಬಳೀಲಿ ಬಿಡು ಮಾಮ. ಸೇತುವೆ ಬಂತಲ್ಲಾ ಅಂದ್ಕೋತೀನಿ,” ಎನ್ನುತ್ತಾ ಅಕ್ಕ ಮೊಣಕಾಲು ಹಿಡಿದುಕೊಂಡು ಏಳುತ್ತಾರೆ.

ಸೇತುವೆ ಬರುತ್ತದೋ ಇಲ್ಲವೋ ಇಂದಿಗೂ ಗೊತ್ತಿಲ್ಲ. ಬ್ಯಾಂಕಿನ ಉತ್ತರಕ್ಕಾಗಿ ಎರಡೂ ಊರು ಕಾಯುತ್ತಿವೆ, ಅದು ಬರುವವರೆಗೆ ಎಣಿಕೆಯೂ ಹೀಗೇ ನಡೆದಿದೆ. ಆ ಉತ್ತರ ನಿಂತಿರುವುದು ಈ ಹಲಗೆಯಿಂದ ಹೊರಟ ಒಂದು ಅಂಕಿಯ ಮೇಲೆ.

ಕಾಗದದಲ್ಲಿ ಅದರ ಹೆಸರು ಇಂಟರ್‌ಚೇಂಜ್. ಹೆದ್ದಾರಿಯ ಮೇಲೊಂದು ಸೇತುವೆ, ಅದರ ನಾಲ್ಕು ಮಗ್ಗುಲಿಗೂ ಬಳಸಿ ಇಳಿಯುವ ದಾರಿ. ನೇರ ಹೋಗುವವರಿಗೆ ಅಡ್ಡ ಹೋಗುವವರ ಕಾಟವಿಲ್ಲ. ಖರ್ಚಿನ ಅರ್ಧ ಇಲಾಖೆಯದು, ಆದರೆ ಅದಕ್ಕೆ ದಿನಕ್ಕೆ ಎಂಟು ಸಾವಿರ ಗಾಡಿಯಾದರೂ ಈ ಸಂದು ದಾಟಬೇಕು. ಉಳಿದ ಅರ್ಧವನ್ನು ಎರಡು ಪುರಸಭೆಗಳು ಬ್ಯಾಂಕಿನಿಂದ ಸಾಲ ಎತ್ತಿ ಕೊಡಬೇಕು. ಯಾವ ಊರಿನ ಗಾಡಿ ಹೆಚ್ಚು ದಾಟುತ್ತದೋ ಆ ಊರಿನ ಪಾಲು ಅಷ್ಟು ಹೆಚ್ಚು. ಹನ್ನೆರಡು ವರ್ಷ ಜಗಳವಾಡಿ ಎರಡೂ ಪುರಸಭೆಗಳು ಒಪ್ಪಿದ ಮಾತು ಇದೊಂದೇ. ಹಳೆಯ ಲೆಕ್ಕಗಳು ನಡೆಯುವುದಿಲ್ಲ, ಅವುಗಳಲ್ಲಿ ಯಾವ ಊರಿನ ಗಾಡಿ ಎಂದು ಬರೆದಿರಲಿಲ್ಲ. ಹೊಸದಾಗಿ ಒಂದು ದಿನ, ಬೆಳಗಿನ ಐದರಿಂದ ಸಂಜೆ ಏಳರವರೆಗೆ ಎಣಿಸಬೇಕು ಎಂದಾಯಿತು.

ಬಿಡುವಿನಲ್ಲಿ ಅಕ್ಕ ಪೆಟ್ರೋಲ್ ಬಂಕಿನತ್ತ ಹೋಗಿ ಬರುತ್ತಾರೆ. ಅಲ್ಲಿ ಶೌಚಾಲಯ ಕಟ್ಟಿಸಿ ನಾಲ್ಕು ವರ್ಷವಾಯಿತು. ಅದಕ್ಕೂ ಮುಂಚಿನ ಹದಿಮೂರು ವರ್ಷ ಎಲ್ಲಿಗೆ ಹೋಗುತ್ತಿದ್ದರು ಎಂದರೆ ಮುಖ ತಿರುಗಿಸಿ ರಸ್ತೆ ನೋಡುತ್ತಾರೆ. “ನೀರೇ ಕುಡೀತಿರ್ಲಿಲ್ಲ. ಹಿಂದಿನ ದಿನ ಸಂಜೆಯಿಂದಲೇ ನಿಲ್ಲಿಸಿಬಿಡೋದು. ಈಗಲೂ ಅದೇ ಅಭ್ಯಾಸ.” ಆ ಅಭ್ಯಾಸದ ಫಲವಾಗಿ ಎರಡು ಸಲ ಮೂತ್ರಪಿಂಡದ ಕಲ್ಲಿಗೆ ಆಸ್ಪತ್ರೆ ಸೇರಿದ್ದಾರೆ. ಸೇರಿದಷ್ಟು ದಿನ ಕೂಲಿಯಿಲ್ಲ.

ಮದುವೆಯಾದ ಹೊಸತರಲ್ಲಿ ಅವರು ಕೆಲಸ ಮಾಡುತ್ತಿದ್ದುದು ಅಂಗಿಯ ಗುಂಡಿ ಮಾಡುವ ಕಾರ್ಖಾನೆಯಲ್ಲಿ. ಬಣ್ಣ ಬಣ್ಣದ ಗುಂಡಿಗಳನ್ನು ಬೇರ್ಪಡಿಸಿ, ನೂರು ನೂರಾಗಿ ಎಣಿಸಿ ಪೊಟ್ಟಣಕ್ಕೆ ತುಂಬುವ ಕೆಲಸ. ಕಾರ್ಖಾನೆ ಮುಚ್ಚಿದಾಗ ಹೆದ್ದಾರಿ ಇಲಾಖೆಗೆ ಎರಡು ದಿನದ ಮಟ್ಟಿಗೆ ಎಣಿಸುವವರು ಬೇಕಾಗಿದ್ದರು. ಆ ಎರಡು ದಿನ ಈಗ ಹದಿನೇಳು ವರ್ಷವಾಗಿದೆ. “ಗುಂಡಿ ಒಂದ್ಕಡೆ ಬಿದ್ದಿರೋದು, ಇವು ಓಡ್ತಾ ಇರ್ತವೆ, ಅಷ್ಟೇ ವ್ಯತ್ಯಾಸ,” ಎಂದು ನಗುತ್ತಾರೆ. ತಿಂಗಳಿಗೆ ಹದಿನೆಂಟೋ ಇಪ್ಪತ್ತೋ ದಿನ ಕೆಲಸ. ಈ ಭಾಗದ ನಲವತ್ತು ಕವಲುಗಳಲ್ಲಿ ಅವರು ಕೂತಿದ್ದಾರೆ. ಆದರೆ ಈ ಸಂದಿನ ಗಾಡಿಗಳಷ್ಟು ಪರಿಚಯ ಬೇರೆಲ್ಲೂ ಇಲ್ಲ, ಮನೆಯಿರುವುದೇ ಕೆಳಗಿನ ಊರಿನ ರಸ್ತೆಯಲ್ಲಿ.

ಎಂಟೂ ಹತ್ತಕ್ಕೆ ಮೇಲಿನ ಊರಿನ ಶಾಲೆಗೆ ಹೋಗುವ ಶಿಕ್ಷಕಿಯೊಬ್ಬಳು ಸಂದಿನಲ್ಲಿ ಸ್ಕೂಟರು ನಿಲ್ಲಿಸುತ್ತಾಳೆ. ಎರಡೂ ಕಾಲು ನೆಲಕ್ಕೂರಿ, ಕತ್ತು ಹೊರಳಿಸಿ ಬರುವ ಲಾರಿಗಳ ನಡುವೆ ಜಾಗ ಹುಡುಕುತ್ತಾಳೆ. ಹಿಂದೆ ಸರಿಯಲು ಆಗುವುದಿಲ್ಲ, ಬಸ್ಸೊಂದು ಬಂದು ನಿಂತಿದೆ. ಐವತ್ತು ಸೆಕೆಂಡು ಕಳೆಯುತ್ತದೆ, ಅರವತ್ತು, ಎಪ್ಪತ್ತು. ಲಾರಿಯೊಂದು ಹಾದುಹೋದ ಗಾಳಿಗೆ ಅವಳ ಚೀಲ ಎದ್ದು ಬೀಳುತ್ತದೆ. ಆಮೇಲೆ ಅವಳು ಒಂದೇ ಉಸಿರಿಗೆ ಆಚೆ ದಾಟುತ್ತಾಳೆ. ಅಕ್ಕನ ಬಲಗೈ ತೋರುಬೆರಳು ಒಮ್ಮೆ ಕೆಳಗಿಳಿದು ಮೇಲೇಳುತ್ತದೆ. ಆ ಶಿಕ್ಷಕಿ ಅವರ ಮಗಳು.

ಕಳೆದ ಮೂರು ವರ್ಷದಲ್ಲಿ ಈ ಸಂದಿನಲ್ಲಿ ಹತ್ತೊಂಬತ್ತು ಅಪಘಾತಗಳಾಗಿವೆ. ಆರು ಜನ ಉಳಿಯಲಿಲ್ಲ. ಆ ಆರು ಸಾವುಗಳಲ್ಲಿ ಎರಡು ಅಕ್ಕನ ಕಣ್ಣೆದುರೇ ಆದವು. “ಆವತ್ತೂ ಎಣಿಸೋದು ನಿಲ್ಲಿಸಿಲ್ವಾ ಅಂತ ಎಲ್ಲರೂ ಕೇಳ್ತಾರೆ. ನಿಲ್ಲಿಸ್ದೆ. ಹಲಗೆ ಬಿಸಾಕಿ ಓಡ್ದೆ. ಹಾಳೆ ಮೇಲೆ ಇಪ್ಪತ್ತೈದು ನಿಮಿಷ ಖಾಲಿ ಇದೆ, ಹಾಗೇ ಬಿಟ್ಟಿದ್ದೀನಿ. ಖಾಲಿ ಇದ್ದಿದ್ದು ಖಾಲಿನೇ.”

ಇನ್ನು ಅವರ ಗಂಡನ ವಿಷಯಕ್ಕೆ ಬರಬೇಕು. ಕೆಳಗಿನ ಊರಿನ ರಸ್ತೆ ತುದಿಯಲ್ಲಿ ಎರಡು ಕುರ್ಚಿಯ ಸಲೂನು ಅವರದು. ಕೂದಲಿಗೂ ಗಡ್ಡಕ್ಕೂ ಮೇಲಿನ ಊರಿಗಿಂತ ದರ ಕಡಿಮೆ, ಹಾಗಾಗಿ ಎರಡೂ ಊರಿನ ತಲೆಗಳು ಅವರ ಕೈಕೆಳಗೆ ಬಾಗುತ್ತವೆ. ಹೆಂಡತಿ ಹದಿನಾಲ್ಕು ಗಂಟೆ ಬಾಯಿ ಮುಚ್ಚಿ ದುಡಿದರೆ, ಗಂಡ ಅಷ್ಟೇ ಹೊತ್ತು ಬಾಯಿ ತೆರೆದು ದುಡಿಯುತ್ತಾರೆ. “ನಮ್ಮನೇಲಿ ಮಾತಿನ ಕೋಟಾ ಪೂರ್ತಿ ನಂದೇ. ಅವಳು ತನ್ನ ಪಾಲೂ ನಂಗೇ ಬರ್ಕೊಟ್ಟಿದಾಳೆ,” ಎನ್ನುವ ಅವರು, ಗಿರಾಕಿಯ ಕಿವಿ ಬಗ್ಗಿಸಿ ಕತ್ತರಿ ಆಡಿಸುತ್ತಾರೆ.

ಸೇತುವೆಗಾಗಿ ಎಣಿಸುವ ದಿನ ಬುಧವಾರ ಎಂದು ಇಲಾಖೆಯ ಎಂಜಿನಿಯರು ಅಕ್ಕನಿಗೊಬ್ಬರಿಗೇ ನಾಲ್ಕು ದಿನ ಮೊದಲೇ ತಿಳಿಸಿದ್ದರು. ಬೆಳಿಗ್ಗೆ ಡಬ್ಬಿ ಕಟ್ಟಿಕೊಡಬೇಕಲ್ಲ ಎಂದು ಅಕ್ಕ ಗಂಡನಿಗೆ ಹೇಳಿದರು. ಗಂಡ ಕುರ್ಚಿಯಲ್ಲಿ ಕೂತಿದ್ದ ಕೆಳಗಿನ ಊರಿನವರೊಬ್ಬರಿಗೆ ತಮಾಷೆಗೆ ಒಂದು ಮಾತು ಹೇಳಿದರು: “ಬುಧವಾರ ಗಾಡಿ ತೆಗೀಬೇಡಿ ಸ್ವಾಮಿ, ಊರಿಗೆ ಉಳಿತಾಯ!” ಅದೇ ತಮಾಷೆಯನ್ನು ಮಧ್ಯಾಹ್ನ ಮೇಲಿನ ಊರಿನವರೊಬ್ಬರಿಗೂ ಹೇಳಿದರು. ಇಬ್ಬರೂ ನಕ್ಕು ಎದ್ದುಹೋದರು.

ಬುಧವಾರ ಐದೂ ನಲವತ್ತಕ್ಕೆ ಬ್ರೆಡ್ ವ್ಯಾನು ಬರಲಿಲ್ಲ. ಆರೂವರೆಯ ಇಟ್ಟಿಗೆ ಲಾರಿಯೂ ಬರಲಿಲ್ಲ. ಬಂದ ಕಾರುಗಳಲ್ಲಿ ಐದೈದು ಜನ ಒತ್ತಿಕೊಂಡು ಕೂತಿದ್ದರು. ಎಂಟೂ ಹತ್ತಕ್ಕೆ ಅಕ್ಕ ತೋರುಬೆರಳು ಸಿದ್ಧ ಮಾಡಿಕೊಂಡರೆ ಮಗಳೂ ಇಲ್ಲ. ಆಮೇಲೆ ತಿಳಿದದ್ದು ಇಷ್ಟು: ಎರಡೂ ಊರಿನವರು, ಒಬ್ಬರಿಗೊಬ್ಬರು ಗೊತ್ತಿಲ್ಲದಂತೆ, ಹದಿನಾಲ್ಕು ಕಿಲೋಮೀಟರು ಸುತ್ತುವ ಹಳೆಯ ಹೊಳೆದಾರಿ ಹಿಡಿದಿದ್ದರು. ಎದುರೂರಿನವರು ಎಂದಿನಂತೆ ಓಡಾಡುತ್ತಾರೆ, ನಾವು ಒಂದು ದಿನ ಸುಮ್ಮನಿದ್ದರೆ ನಮ್ಮ ಪಾಲು ಇಳಿಯುತ್ತದೆ ಎಂಬುದು ಎರಡೂ ಕಡೆಯ ಯೋಚನೆ. ಹೊಳೆದಾರಿಯಲ್ಲಿ ಎದುರುಬದುರಾದಾಗ ಮಾತ್ರ ಯಾರೂ ಯಾರ ಮುಖವನ್ನೂ ನೋಡಲಿಲ್ಲವಂತೆ.

ಸಂಜೆ ಏಳಕ್ಕೆ ಬಂದ ಮೊತ್ತ 5,106. ಎಂಟು ಸಾವಿರಕ್ಕೆ ಕಡಿಮೆ. ಅಂದರೆ ಇಲಾಖೆಯ ಅರ್ಧ ಇಲ್ಲ, ಇಲಾಖೆಯ ಅರ್ಧ ಇಲ್ಲವೆಂದರೆ ಸಾಲವಿಲ್ಲ, ಸೇತುವೆಯೂ ಇಲ್ಲ.

ಮರುದಿನ ಕಚೇರಿಯಲ್ಲಿ ನಡೆದ ಮಾತನ್ನು ಎಂಜಿನಿಯರೇ ಈಗ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ವಯಸ್ಸಿನಲ್ಲಿ ಅಕ್ಕನಿಗಿಂತ ಇಪ್ಪತ್ತು ವರ್ಷ ಚಿಕ್ಕವರು. ಈ ಸೇತುವೆಯ ನಕ್ಷೆಗೆ ಮೂರು ವರ್ಷ ಕೂತವರು.

“ಅಕ್ಕ, ಒಂದು ನಾಲ್ಕು ಸಾವಿರ ಸೇರಿಸಿಬಿಡಿ ಅಂದೆ. ಸುಳ್ಳೇನಲ್ಲವಲ್ಲ, ದಿನಾ ಓಡಾಡೋದೇ ಅಂದೆ. ಅದಕ್ಕೆ ಅವರು, ‘ದಿನಾ ಓಡಾಡ್ತವೆ ಸಾರ್, ಬುಧವಾರ ಓಡಾಡ್ಲಿಲ್ಲ’ ಅಂದ್ರು.”

ಅಕ್ಕ ಒಂದು ಗಾಡಿಯನ್ನೂ ಸೇರಿಸಲಿಲ್ಲ. ಆದರೆ ಎಣಿಕೆ ಹಾಳೆಯ ಕೊನೆಯಲ್ಲಿ ‘ಷರಾ’ ಎಂದೊಂದು ಅಂಕಣವಿದೆ. ಹದಿನೇಳು ವರ್ಷದಲ್ಲಿ ಅಲ್ಲಿ ‘ಮಳೆ’, ‘ಮಂಜು’, ‘ಅಪಘಾತ’ ಎಂಬ ಮೂರು ಪದ ಬಿಟ್ಟು ಬೇರೇನೂ ಅವರು ಬರೆದವರಲ್ಲ. ಆ ದಿನ ಅಲ್ಲಿ ಜಾಗ ಸಾಲದೆ ಹಾಳೆಯ ಹಿಂಬದಿಗೂ ಬರೆದರು. ತಲೆಬರಹ: ಈ ದಿನ ಬಾರದ ಗಾಡಿಗಳು. ಬ್ರೆಡ್ ವ್ಯಾನು, ಹಳದಿ, ಐದೂ ನಲವತ್ತು. ಇಟ್ಟಿಗೆ ಲಾರಿ, ಹಸಿರು, ಆರೂವರೆ. ಬಾಗಿಲು ಸರಿಯಾಗಿ ಮುಚ್ಚದ ಬಿಳಿ ಕಾರು, ಹಸಿರು, ಏಳೂ ಐದು. ಹೀಗೆ ನಲವತ್ತೊಂದು. ಇಪ್ಪತ್ಮೂರನೆಯದು: ಸ್ಕೂಟರು, ಹಳದಿ, ಎಂಟೂ ಹತ್ತು, ನನ್ನ ಮಗಳು. ಅದರ ಕೆಳಗೆ ಇನ್ನೆರಡು ಸಾಲು. ಹೊರಗಿನ ಗಾಡಿಗಳು 931 ಬಂದಿವೆ, ಇವು ಎಂದಿನಷ್ಟೇ. ಕಡಿಮೆಯಾಗಿರುವುದು ಎರಡು ಊರಿನವು ಮಾತ್ರ. ದಿನಾಂಕ ಹೊರಗೆ ಹೋದದ್ದು ನನ್ನ ಮನೆಯಿಂದ.

ಕೊನೆಯ ಸಾಲು ಬೇಡವೆಂದು ಎಂಜಿನಿಯರು ಎಷ್ಟೋ ಹೇಳಿದರು. ದಿನಗೂಲಿಯವರನ್ನು ತೆಗೆಯಲು ಒಂದು ಚೀಟಿ ಸಾಕು. ಅಕ್ಕ ಕೇಳಲಿಲ್ಲ. “ಗಾಡಿ ಯಾಕೆ ಬರ್ಲಿಲ್ಲ ಅಂತ ಬರೆದ ಮೇಲೆ, ಯಾರಿಂದ ಅಂತ ಬರೀದೆ ಇರೋಕಾಗುತ್ತಾ?”

ಆರು ವಾರ ಅವರಿಗೆ ಕೆಲಸವಿರಲಿಲ್ಲ. ಆ ದಿನಗಳ ಬಗ್ಗೆ ಮನೆಯಲ್ಲಿ ಯಾರೂ ಹೆಚ್ಚು ಮಾತಾಡುವುದಿಲ್ಲ. ಮಗಳು ಮಾತ್ರ ಒಂದು ಸಂಗತಿ ಹೇಳುತ್ತಾಳೆ. “ನಾನು ಸಹೋದ್ಯೋಗಿ ಜೊತೆ ಹೊಳೆದಾರೀಲಿ ಹೋಗಿದ್ದೆ ಅಂತ ಅಮ್ಮ ಬೈಯ್ಲಿಲ್ಲ. ‘ಆ ದಾರೀಲಿ ಹೋದ್ರೆ ಎಷ್ಟು ಹೊತ್ತಾಯ್ತೇ’ ಅಂತ ಕೇಳಿದ್ಲು. ನಲವತ್ತು ನಿಮಿಷ ಅಂದೆ. ‘ಆರಾಮಾಗಿತ್ತಾ’ ಅಂದ್ಲು. ಆರಾಮಾಗಿತ್ತು, ಅಮ್ಮ, ಎಲ್ಲೂ ನಿಲ್ಲೋ ಹಂಗಿರ್ಲಿಲ್ಲ ಅಂದೆ.” ಸಲೂನಿನಲ್ಲೂ ಆಗ ಕತ್ತರಿಯ ಸದ್ದು ಮಾತ್ರ ಕೇಳಿಸುತ್ತಿತ್ತು ಎನ್ನುತ್ತಾರೆ ಪೆನ್ಸಿಲ್ ಮಾಮ. “ಕೂದಲು ಕತ್ತರಿಸಿಕೊಳ್ಳೋಕೆ ಹೋದವನಿಗೆ ಆಸ್ಪತ್ರೇಲಿ ಕೂತ ಹಾಗಾಗೋದು.”

ಹಾಳೆಯ ಹಿಂಬದಿ ಕೊನೆಗೆ ಇಲಾಖೆಯ ಮೇಲಿನವರ ಮೇಜು ತಲುಪಿತು. ನಲವತ್ತೊಂದು ಗಾಡಿಗಳಲ್ಲಿ ಹತ್ತನ್ನು ಆರಿಸಿ ವಿಚಾರಿಸಿದರು. ಹತ್ತೂ ನಿಜ. ಎರಡನೆಯ ಎಣಿಕೆಗೆ ಒಪ್ಪಿಗೆ ಬಂತು, ಒಂದು ಷರತ್ತಿನೊಂದಿಗೆ. ದಿನಾಂಕ ಹಿಂದಿನ ಸಂಜೆ ಮುಚ್ಚಿದ ಲಕೋಟೆಯಲ್ಲಿ ಅಕ್ಕನಿಗೆ ಸಿಗುತ್ತದೆ. ಮತ್ತೆ ಹೊರಗೆ ಹೋದರೆ ಸೇತುವೆಯ ಕಡತ ಮುಚ್ಚುತ್ತದೆ, ಅಕ್ಕನ ಹೆಸರೂ ಪಟ್ಟಿಯಿಂದ ಹೋಗುತ್ತದೆ.

ಲಕೋಟೆ ಬಂದದ್ದು ಮೂರು ವಾರದ ಹಿಂದೆ, ಒಂದು ಸೋಮವಾರ. ಅಕ್ಕ ಅದನ್ನು ಓದಿ, ಒಲೆಗೆ ಹಾಕಿ, ಅಡುಗೆ ಮಾಡಿದರು. ಊಟಕ್ಕೆ ಕೂತಾಗ ಗಂಡ ಅವರ ಮುಂದೆ ನೀರಿನ ಲೋಟ ಇಟ್ಟರು. ಊಟ ಮುಗಿಯಿತು, ಲೋಟ ತುಂಬಿದಂತೆಯೇ ಇತ್ತು. ಗಂಡ ಲೋಟವನ್ನು ನೋಡಿದರು, ಹೆಂಡತಿಯನ್ನು ನೋಡಿದರು, ಏನೂ ಕೇಳಲಿಲ್ಲ. “ಮೂವತ್ತು ವರ್ಷದ ಸಂಸಾರದಲ್ಲಿ ಅವರು ಏನೂ ಕೇಳ್ದೆ ಎದ್ದಿದ್ದು ಅದೇ ಮೊದಲು. ನಂಗೆ ಹೆದರಿಕೇನೇ ಆಯ್ತು,” ಎನ್ನುತ್ತಾರೆ ಅಕ್ಕ.

ಮಂಗಳವಾರ ಐದೂ ನಲವತ್ತಕ್ಕೆ ಬ್ರೆಡ್ ವ್ಯಾನು ಬಂತು. ಇಟ್ಟಿಗೆ ಲಾರಿ ಬಂತು. ಬಾಗಿಲು ಮುಚ್ಚದ ಬಿಳಿ ಕಾರೂ ಬಂತು. ಎಂಟೂ ಹತ್ತಕ್ಕೆ ಮಗಳು ಬಂದು, ಹಲಗೆ ಕಂಡು, ಕೈ ಬೀಸಲು ಹೋದವಳು ಅರ್ಧಕ್ಕೇ ನಿಲ್ಲಿಸಿ ಕೂದಲು ಸರಿಪಡಿಸಿಕೊಂಡಳು. ಸಂಜೆಯ ಹೊತ್ತಿಗೆ ಹಸಿರು 4,012, ಹಳದಿ 4,389, ಹೊರಗಿನವು 917. ಒಟ್ಟು 9,318.

ಇಷ್ಟು ಹೇಳಿ ಅಕ್ಕ ಹಲಗೆಯತ್ತ ನಡೆಯುತ್ತಾರೆ. ಮಧ್ಯಾಹ್ನದ ಬಿಡುವೂ ಮುಗಿದಿದೆ.

ಹತ್ತು ದಿನದ ನಂತರ ಬ್ಯಾಂಕಿನಿಂದ ಕರೆ ಬರುತ್ತದೆ. ಹೋಗಬೇಕಾದವರು ಎಂಜಿನಿಯರು, ಎರಡೂ ಪುರಸಭೆಗಳ ಅಧ್ಯಕ್ಷರು ಮತ್ತು ‘ಎಣಿಸಿದವರು’. ಅಕ್ಕ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ಉದ್ದನೆಯ ಮೇಜಿನ ತುದಿಯ ಕುರ್ಚಿಯ ಅಂಚಿನಲ್ಲಿ ಕೂರುತ್ತಾರೆ. ಕೈಬೆರಳು ಹತ್ತೂ ಮೇಜಿನ ಮೇಲಿವೆ.

ಸಾಲ ವಿಭಾಗದ ಅಧಿಕಾರಿಣಿ ಸುತ್ತಿ ಬಳಸಿ ಮಾತಾಡುವವರಲ್ಲ. ಮೊದಲನೆಯ ಎಣಿಕೆಯ ಕತೆ ಓದಿದ ಮೇಲೆ ಬ್ಯಾಂಕಿಗೆ ಎರಡನೆಯದರ ಮೇಲೂ ನಂಬಿಕೆ ಇರಲಿಲ್ಲ ಎನ್ನುತ್ತಾರೆ. ಹಾಗಾಗಿ ಇಲಾಖೆಯ ಮೇಲಿನವರಿಂದ ದಿನಾಂಕ ಪಡೆದು, ಅದೇ ಮಂಗಳವಾರ, ಬೇರೆ ಯಾರಿಗೂ ಹೇಳದೆ, ಪೆಟ್ರೋಲ್ ಬಂಕಿನ ಮಾಡಿನ ಮೇಲೆ ಕ್ಯಾಮೆರಾ ಇಡಿಸಿದ್ದರು. ಅದರ ಚಿತ್ರ ನೋಡಿ ಕಂಪ್ಯೂಟರು ಎಣಿಸಿದ್ದು 9,329.

“ಹನ್ನೊಂದು ವ್ಯತ್ಯಾಸ. ನಮಗೆ ನೂರರವರೆಗೆ ಅಭ್ಯಂತರವಿಲ್ಲ. ಸಾಲ ಕೊಡೋದು ಅಂತ ತೀರ್ಮಾನ ಆಗಿದೆ,” ಎನ್ನುತ್ತಾರೆ ಅಧಿಕಾರಿಣಿ.

ಎಂಜಿನಿಯರು ಉಸಿರು ಬಿಡುತ್ತಾರೆ. ಹನ್ನೆರಡು ವರ್ಷದಲ್ಲಿ ಮೊದಲ ಸಲ ಎರಡೂ ಅಧ್ಯಕ್ಷರು ಕೈ ಕುಲುಕುತ್ತಾರೆ.

“ಯಾವ ಹನ್ನೊಂದು?” ಎನ್ನುತ್ತಾರೆ ಅಕ್ಕ.

ಸೇರಿದವರು ಅವರತ್ತ ತಿರುಗುತ್ತಾರೆ. “ಬಿಡಿ ಅಕ್ಕ, ಆಯ್ತಲ್ಲ,” ಎಂದು ಎಂಜಿನಿಯರು ಮೆಲ್ಲಗೆ ಹೇಳುತ್ತಾರೆ.

“ಆಯ್ತು ಸಾರ್. ಆದ್ರೆ ಯಾವುವು ಅಂತ ಬೇಕು ನಂಗೆ.”

ಪಕ್ಕದ ಕೋಣೆಯಲ್ಲಿ ಅವರಿಗೊಂದು ಪರದೆ ಹಾಕಿಕೊಡುತ್ತಾರೆ. ಅಕ್ಕ ತಮ್ಮ ಹದಿನೈದು ನಿಮಿಷದ ಹಾಳೆಗಳನ್ನು ಕಂಪ್ಯೂಟರಿನ ಪಟ್ಟಿಯ ಪಕ್ಕ ಇಟ್ಟುಕೊಳ್ಳುತ್ತಾರೆ. ಎರಡೂ ಕಡೆ ಹೊಂದಿದವನ್ನು ಬಿಟ್ಟು, ಹೊಂದದವನ್ನು ಮಾತ್ರ ಓಡಿಸಿ ನೋಡುತ್ತಾರೆ. ಅಧ್ಯಕ್ಷರಿಬ್ಬರೂ ಎರಡು ಸುತ್ತು ಚಹಾ ಮುಗಿಸುವ ಹೊತ್ತಿಗೆ ಹತ್ತು ಸಿಕ್ಕಿವೆ. ಟ್ರ್ಯಾಕ್ಟರಿನ ಹಿಂದಿನ ಟ್ರೇಲರನ್ನು ಕಂಪ್ಯೂಟರು ಬೇರೆ ಗಾಡಿ ಎಂದುಕೊಂಡಿದೆ, ಹತ್ತು ಕಡೆ. “ಪಾಪ, ಅದಕ್ಕೆ ಕೊಂಡಿ ಕಾಣಿಸಿಲ್ಲ,” ಎಂದು ಅಕ್ಕ ಕಂಪ್ಯೂಟರಿನ ಬಗ್ಗೆ ಮರುಕಪಡುತ್ತಾರೆ.

ಹನ್ನೊಂದನೆಯದು ಹನ್ನೆರಡೂ ಹದಿನೇಳಕ್ಕೆ ಸಿಗುತ್ತದೆ. ಪರದೆಯ ಮೇಲೆ ರಸ್ತೆಯಂಚಿನಲ್ಲಿ ಒಬ್ಬ ಗಂಡಸು ಊಟದ ಡಬ್ಬಿ ಹಿಡಿದು ಬರುತ್ತಿದ್ದಾರೆ. ದವಡೆಗೆ ಬಿಳಿ ಬಟ್ಟೆ ಕಟ್ಟಿ ನೆತ್ತಿಯ ಮೇಲೆ ದೊಡ್ಡ ಗಂಟು ಹಾಕಿದ್ದಾರೆ. ಬಾಯಿ ತೆರೆದರೆ ಎಲ್ಲಿ ಗುಟ್ಟು ಹೊರಬೀಳುತ್ತದೋ ಎಂದು ಸಲೂನಿನವರು ಆ ದಿನ ಅಂಗಡಿ ಮುಚ್ಚಿ, ಕೇಳಿದವರಿಗೆಲ್ಲ ಹಲ್ಲುನೋವು ಎಂದು ಸನ್ನೆ ಮಾಡುತ್ತಾ ತಿರುಗಿದ್ದರಂತೆ. ದಿಮ್ಮಿಯ ಮೇಲೆ ಕೂತ ಹೆಂಗಸು ತಲೆ ಎತ್ತುತ್ತಾರೆ. ಆ ಗಂಟನ್ನು ನೋಡುತ್ತಾರೆ. ಭುಜ ಕುಲುಕುತ್ತಿದೆ, ನಗುತ್ತಿದ್ದಾರೆ. ಅವರ ಹಿಂದೆ ಹಳದಿ ಚೀಟಿಯ ಒಂದು ನೀಲಿ ವ್ಯಾನು ಮೆಲ್ಲಗೆ ಸಂದು ದಾಟುತ್ತದೆ.

ಅಕ್ಕ ಅದನ್ನು ಮೂರು ಸಲ ಓಡಿಸಿ ನೋಡುತ್ತಾರೆ. ಆಮೇಲೆ ಮೇಜಿಗೆ ಮರಳಿ, “ಹತ್ತು ನಿಮ್ಮ ತಪ್ಪು, ಒಂದು ನಂದು, ಹಳದಿ ಚೀಟಿ ವ್ಯಾನು. ಸರಿಯಾದ್ದು 9,319,” ಎನ್ನುತ್ತಾರೆ.

ಕೆಳಗಿನ ಊರಿನ ಅಧ್ಯಕ್ಷರು ಕುರ್ಚಿಯಲ್ಲಿ ಮುಂದೆ ಸರಿಯುತ್ತಾರೆ. “ಹಳದಿ ಅಂತೀರಾ? ಅಲ್ಲಮ್ಮಾ, ನಮ್ಮೂರಿನವರಾಗಿ ನಮ್ಮ ಪಾಲಿಗೇ ಸೇರಿಸ್ತೀರಲ್ಲಾ! ಒಂದು ವ್ಯಾನಿಗೆ ಏನು ಮಹಾ, ಬಿಟ್ಬಿಡಿ.”

ಅಧಿಕಾರಿಣಿ ಪೆನ್ನು ಹಿಡಿದು ಕಾಯುತ್ತಾರೆ. ಹದಿನೇಳು ವರ್ಷ ರಸ್ತೆಬದಿಯಲ್ಲಿ ತುಟಿ ಬಿಗಿದು ಕೂತವರು, ಅಧ್ಯಕ್ಷರ ಮುಖವನ್ನೇ ನೋಡುತ್ತಾ, ದನಿ ಏರಿಸದೆ ಹೇಳುತ್ತಾರೆ:

“ಅದರಲ್ಲಿದ್ದೋರೂ ಎಲ್ಲಿಗೋ ಹೊರಟಿದ್ರಲ್ವಾ ಸ್ವಾಮಿ. ಅವರನ್ನ ಬಿಟ್ಟು ಸೇತುವೆ ಹೆಂಗೆ ಕಟ್ಟೋದು? ಬರ್ಕೊಳ್ಳಿ ಮೇಡಂ.”